ಕೆಲಸಕ್ಕೆ ಕರೆಯುವವರ ಕೆಲಸ

ಕಳೆದ ತಿಂಗಳು ನನ್ನ ಮೊಮ್ಮಗನಿಗೆ ಶಾಲೆಯಲ್ಲಿ ಒಂದು ಮನೆಗೆಲಸ ಕೊಟ್ಟಿದ್ದರು. ‘ನನ್ನ ತಾಯಿಯ ಉದ್ಯೋಗ’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆಯಬೇಕು. ಅವನು ಆರನೆಯ ತರಗತಿ. ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಾ ಅರ್ಧ ಗಂಟೆ ಕೂತಿದ್ದರೂ ನಾಲ್ಕೇ ವಾಕ್ಯ ಆಗಿತ್ತು. ಕನ್ನಡಕ ಹಾಕಿಕೊಂಡು ಓದಿದೆ.

‘ನನ್ನ ತಾಯಿ ಎಚ್.ಆರ್. ಆಗಿದ್ದಾರೆ. ಅವರು ದಿನವಿಡೀ ಫೋನಿನಲ್ಲಿ ಮಾತನಾಡುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಾರೆ. ನಾವು ಮಾತಾಡಿದರೆ ಶ್... ಅನ್ನುತ್ತಾರೆ.’

ನಗು ತಡೆಯಲಾಗಲಿಲ್ಲ. ಆದರೆ ಅವನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ನನ್ನ ಸೊಸೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಎಂದು ಕಡೂರಿಗೆ ಬಂದವಳು, ಈಗ ತಿಂಗಳಿಗೆ ಎರಡು ಸಲ ರೈಲು ಹತ್ತಿ ಹೋಗಿಬರುತ್ತಾಳೆ. ಉಳಿದ ದಿನ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡುವುದು ನಮಗೂ ಕೇಳಿಸುತ್ತದೆ. ಡಾಕ್ಟರ್ ಎಂದರೆ ಸ್ಟೆತಾಸ್ಕೋಪ್ ಬರೆಯಬಹುದು, ಮೇಷ್ಟ್ರು ಎಂದರೆ ಬೆತ್ತ ಬರೆಯಬಹುದು. ಎಚ್.ಆರ್. ಎಂದರೆ ಮಗು ಯಾವ ಚಿತ್ರ ಬರೆಯಬೇಕು?

“ತಾತ, ನೀನೇ ಹೇಳಿಕೊಡು, ನೀನು ಬ್ಯಾಂಕಿನಲ್ಲಿ ಇದ್ದೆಯಲ್ಲ” ಎಂದ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದೆ ನಿಜ. ಅದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದು ಇದೇ ವಿಭಾಗದಲ್ಲಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೇಳಿಕೊಳ್ಳುವಂಥ ಕಾಲವೂ ಅದಾಗಿರಲಿಲ್ಲ.

ಎಚ್.ಆರ್. ಎಂದರೆ ಹ್ಯೂಮನ್ ರಿಸೋರ್ಸ್. ಕನ್ನಡದಲ್ಲಿ ಮಾನವ ಸಂಪನ್ಮೂಲ. ಈ ಮಾತು ನನಗೆ ಮೊದಲಿನಿಂದಲೂ ಅಷ್ಟು ರುಚಿಸಿದ್ದಲ್ಲ. ತರೀಕೆರೆಯ ಅಡಿಕೆ ಸಂಪನ್ಮೂಲ, ಕಡೂರಿನ ತೆಂಗು ಸಂಪನ್ಮೂಲ, ಅಜ್ಜಂಪುರದ ಈರುಳ್ಳಿಯೂ ಸಂಪನ್ಮೂಲವೇ. ಮನುಷ್ಯನನ್ನೂ ಅದೇ ತಕ್ಕಡಿಗೆ ಹಾಕುವುದೇ? ಪೀಟರ್ ಡ್ರಕ್ಕರ್ ಎಂಬ ಹೆಸರಾಂತ ನಿರ್ವಹಣಾ ಲೇಖಕ 1954ರ ತನ್ನ ಪುಸ್ತಕದಲ್ಲಿ ಈ ಮಾತನ್ನು ಬಳಸಿದ. ನಮ್ಮ ದೇಶದಲ್ಲಿ 1975ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಎಂಬ ಇಬ್ಬರು ಪ್ರಾಧ್ಯಾಪಕರ ಸಲಹೆಯಂತೆ ಮಾನವ ಸಂಪನ್ಮೂಲ ಅಭಿವೃದ್ಧಿಗೆಂದೇ ಬೇರೆ ವಿಭಾಗ ತೆರೆಯಿತು. ಅದಕ್ಕೂ ಮುಂಚೆ, ಆಮೇಲೆಯೂ ಬಹಳ ಕಾಲ, ಎಲ್ಲ ಕಡೆ ಅದು ‘ಪರ್ಸನೆಲ್ ಡಿಪಾರ್ಟ್‌ಮೆಂಟ್’. ನಮ್ಮ ಕಚೇರಿಯ ಅಟೆಂಡರ್ ಅದನ್ನು ‘ಪರ್ಸನಲ್’ ಎಂದೇ ತಿಳಿದಿದ್ದ. ಅಲ್ಲಿಗೆ ಬಂದ ಕಾಗದವೆಲ್ಲ ಸಾಹೇಬರ ಮನೆಯ ಸ್ವಂತ ವಿಷಯ ಎಂದುಕೊಂಡು, ಯಾರಿಗೂ ಕಾಣದಂತೆ ಎದೆಗೆ ಅವುಚಿಕೊಂಡು ತರುತ್ತಿದ್ದ.

ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಸೀಮೆಯಲ್ಲಂತೂ ಬಹಳ ಹಳೆಯದು.

1947ರವರೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಮೇಲೆ ಬಾಬಾಬುಡನ್‌ಗಿರಿಯ ಮೈಮೇಲೆ ಕಾಫಿ ತೋಟಗಳು, ಕೆಳಗೆ ನಾವು ಬಯಲುಸೀಮೆಯವರು. ತೋಟದಲ್ಲಿ ಹಣ್ಣು ಕೊಯ್ಯುವ ಕಾಲಕ್ಕೆ ಕೈಗಳು ಬೇಕು. ಬಯಲಿನಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಈ ಎರಡನ್ನೂ ಸೇರಿಸುತ್ತಿದ್ದವನು ಮೇಸ್ತ್ರಿ. ತೋಟದ ಸಾಹುಕಾರನಿಂದ ದುಡ್ಡು ತಂದು, ಹಳ್ಳಿಯಲ್ಲಿ ಮನೆಮನೆಗೆ ಮುಂಗಡ ಕೊಟ್ಟು, ಇಷ್ಟು ಆಳು ಎಂದು ಎಣಿಸಿ ಕರೆದುಕೊಂಡು ಹೋಗುವನು. ಆಳಿನ ಲೆಕ್ಕದ ಮೇಲೆ ಅವನಿಗೆ ಕಮಿಷನ್. ನಮ್ಮಜ್ಜಿ ಹೇಳುತ್ತಿದ್ದಳು: ಮೇಸ್ತ್ರಿ ಜಗಲಿಯ ಮೇಲೆ ಕೂತ ಎಂದರೆ ಆ ಮನೆಯಲ್ಲಿ ಮದುವೆಯೋ ಸಾವೋ ಆಗಿದೆ ಎಂದು ಲೆಕ್ಕ. ದುಡ್ಡಿನ ಅಗತ್ಯ ಬಿದ್ದವರ ಮನೆಯ ದಾರಿ ಅವನಿಗೆ ಗೊತ್ತಿರುತ್ತಿತ್ತು.

ಮುಂಗಡ ತೆಗೆದುಕೊಂಡು ಕೆಲಸಕ್ಕೆ ಹೋಗದಿದ್ದರೆ? ಬ್ರಿಟಿಷ್ ಇಂಡಿಯಾದಲ್ಲಿ 1859ರಲ್ಲೇ ಒಂದು ಕಾಯಿದೆ ಮಾಡಿದ್ದರು. ಹಾಗೆ ಮಾಡಿದ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೂ ಹಾಕಿಸಬಹುದಿತ್ತು. ಸಂಬಳ ಕೊಡದ ಯಜಮಾನನಿಗೆ ಅಂಥ ಜೈಲಿನ ಮಾತು ಅದರಲ್ಲಿ ಇರಲಿಲ್ಲ. ಆ ಕಾಯಿದೆ ರದ್ದಾಗಲು 1920ರ ದಶಕದವರೆಗೆ ಕಾಯಬೇಕಾಯಿತು. ತೋಟದ ಕೆಲಸಗಾರರಿಗೆ ಮನೆ, ಆಸ್ಪತ್ರೆ, ಕೂಸುಗಳಿಗೆ ತೊಟ್ಟಿಲಮನೆ ಇವನ್ನೆಲ್ಲ ಕೊಡಬೇಕೆಂಬ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಬಂದದ್ದು ಸ್ವಾತಂತ್ರ್ಯದ ಮೇಲೆ, 1951ರಲ್ಲಿ.

ನಾನು ಹುಟ್ಟಿದ್ದು ಅಜ್ಜಂಪುರದ ಹತ್ತಿರ. ನಮ್ಮ ಕಡೆ ಆಯ್ಕೆ ಎಂಬ ಮಾತು ನಾನು ಮೊದಲು ಕೇಳಿದ್ದು ಮನುಷ್ಯರ ವಿಷಯದಲ್ಲಲ್ಲ, ದನಗಳ ವಿಷಯದಲ್ಲಿ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ಹೆಸರುವಾಸಿ. ಹೈದರ್, ಟಿಪ್ಪು ಕಾಲದಲ್ಲಿ ತೋಪು ಎಳೆದ ಎತ್ತುಗಳ ವಂಶ ಅದು. ಹೋರಿಕರುಗಳ ಹರಾಜಿನ ದಿನ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ದೂರದೂರದಿಂದ ಬಂದ ರೈತರು ಕೊಂಬು ನೋಡುವರು, ಗೊರಸು ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಆ ಕರುಗಳೋ, ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಮುಂದೆ ನಾನು ಇಂಟರ್‌ವ್ಯೂಗೆ ಹೋದಾಗ ಮೂವರು ಅಧಿಕಾರಿಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ್ದು ಕಂಡು, ಅಯ್ಯೋ ನಾಲ್ಕು ಹೆಜ್ಜೆ ನಡೆಸಿಬಿಟ್ಟಾರು ಎನ್ನಿಸಿತ್ತು.

ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಎಂಬುದು ಬರೀ ಯಜಮಾನನ ಇಷ್ಟವಲ್ಲ, ಅದರಲ್ಲಿ ನ್ಯಾಯದ ಪ್ರಶ್ನೆಯಿದೆ ಎಂದು ನಮ್ಮ ಮೈಸೂರು ಸಂಸ್ಥಾನ ಬಹಳ ಬೇಗ ಗುರುತಿಸಿತು. ಸರ್ಕಾರಿ ನೌಕರಿ ಕೆಲವೇ ಜಾತಿಯವರ ಪಾಲಾಗುತ್ತಿದೆ ಎಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಮರುವರ್ಷ ವರದಿ ಬಂತು. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೇ ಹೋಗುತ್ತಿತ್ತು. ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಹೊಲ ಬಿಟ್ಟು ತಿಂಗಳ ಸಂಬಳದ ಮುಖ ಮೊದಲು ಕಂಡವರು ಆ ಕಾರ್ಖಾನೆಗೆ ಸೇರಿದವರೇ. ಮುಂದೆ 1948ರ ಕಾರ್ಖಾನೆ ಕಾಯಿದೆಯಲ್ಲಿ, 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವಲ್ಲಿ ಕ್ಷೇಮಾಧಿಕಾರಿ ಇರಲೇಬೇಕೆಂದು ಬರೆದರು. ಇಂದಿನ ಎಚ್.ಆರ್. ಮನೆತನದ ತಾತ ಎಂದರೆ ಈ ಕ್ಷೇಮಾಧಿಕಾರಿಯೇ.

ನಮ್ಮ ಪ್ರಾಯದಲ್ಲಿ ಕೆಲಸ ಎಂದರೆ ಮೊದಲು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳುವಾಗ ಅವರಿಗೆ ಕೆಲಸ ಕೊಡಿಸಲೆಂದು 1945ರಲ್ಲಿ ಶುರುವಾದ ವ್ಯವಸ್ಥೆ ಅದು. 1959ರ ಕಾಯಿದೆಯಿಂದ, ಸರ್ಕಾರಿ ಸಂಸ್ಥೆಗಳೂ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದ ಖಾಸಗಿಯವರೂ ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಾಯಿತು. ತಿಳಿಸಬೇಕು ಅಷ್ಟೆ, ಅಲ್ಲಿಂದಲೇ ತೆಗೆದುಕೊಳ್ಳಬೇಕೆಂದಿಲ್ಲ. ಇದು ನಮಗೆ ಗೊತ್ತಾದದ್ದು ಚಪ್ಪಲಿ ಸವೆದ ಮೇಲೆ. ಬಿ.ಕಾಂ. ಮುಗಿದ ವಾರವೇ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ, ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು, ಒಂದು ಕಾರ್ಡು ಮಾಡಿಸಿಕೊಂಡು ಬಂದೆ. ನಮ್ಮಮ್ಮ ಅದನ್ನು ದೇವರ ಮನೆಯಲ್ಲಿ ಇಟ್ಟಳು. ನವೀಕರಣದ ತಿಂಗಳು ಬಂದಾಗ ಕುಂಕುಮದ ಕಲೆ ಬಿದ್ದ ಆ ಕಾರ್ಡನ್ನು ಕೌಂಟರಿನಲ್ಲಿ ಕೊಡಲು ನನಗೆ ನಾಚಿಕೆ. ಅಲ್ಲಿದ್ದವರು ಮಾತ್ರ ಏನೂ ಅನ್ನಲಿಲ್ಲ. ನನ್ನ ಹಿಂದಿನವನ ಕಾರ್ಡಿಗೆ ಅರಿಶಿನವೂ ಇತ್ತು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಮೇಲೆ ಹಳ್ಳಿಹಳ್ಳಿಗೆ ಶಾಖೆ ತೆರೆದರು, ಶಾಖೆಗೆ ಜನ ಬೇಕಾಯಿತು. ಆಗಿನ್ನೂ ಒಂದೊಂದು ಬ್ಯಾಂಕು ತಾನೇ ಪರೀಕ್ಷೆ ನಡೆಸಿ ತಾನೇ ಆರಿಸುತ್ತಿತ್ತು. ನನ್ನ ಇಂಟರ್‌ವ್ಯೂನಲ್ಲಿ ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: “ಸಂಜೆ ಲೆಕ್ಕ ಮುಗಿಸುವಾಗ ಹತ್ತು ರೂಪಾಯಿ ಹೆಚ್ಚಿಗೆ ಇದ್ದರೆ ಏನು ಮಾಡ್ತೀಯಪ್ಪ?” ಕಡಿಮೆ ಬಿದ್ದರೆ ಎಂದು ಕೇಳುತ್ತಾರೆಂದು ತಯಾರಾಗಿ ಹೋಗಿದ್ದೆ. ತಡವರಿಸಿ, “ಯಾರೋ ಒಬ್ಬರು ಮನೆಯಲ್ಲಿ ಹುಡುಕ್ತಾ ಇರ್ತಾರೆ ಸಾರ್, ಚೀಟಿ ಎಲ್ಲ ಮತ್ತೆ ನೋಡ್ತೀನಿ” ಎಂದೆ. 1973ರಲ್ಲಿ ತರೀಕೆರೆ ಶಾಖೆಯಲ್ಲಿ ಸೇರಿದೆ. ಮೂರು ವರ್ಷದ ಮೇಲೆ ಶಿವಮೊಗ್ಗದ ನಮ್ಮ ವಿಭಾಗೀಯ ಕಚೇರಿಗೆ ವರ್ಗವಾಯಿತು, ಅದೂ ಪರ್ಸನೆಲ್ ಸೆಕ್ಷನ್ನಿಗೆ. ಅರ್ಜಿಗಳನ್ನು ಜೋಡಿಸುವುದು, ಅಂಕಪಟ್ಟಿ ತಾಳೆ ನೋಡುವುದು, ಪರೀಕ್ಷೆ ಪಾಸಾದವರಿಗೆ ಇಂಟರ್‌ವ್ಯೂ ಪತ್ರ ಟೈಪ್ ಮಾಡಿ ಅಂಚೆಗೆ ಹಾಕುವುದು ನನ್ನ ಕೆಲಸ. ಯುವಕ ನಾನು, ನೂರಾರು ಜನರ ಅದೃಷ್ಟ ನನ್ನ ಟೈಪ್‌ರೈಟರಿನಿಂದ ಹೊರಡುತ್ತದೆ ಎಂದು ಒಳಗೊಳಗೇ ಜಂಬವೂ ಇತ್ತು.

ಈಗ ಹೇಳುವ ವಿಷಯವನ್ನು ನಾನು ಹೆಂಡತಿಗೂ ಬಹಳ ವರ್ಷ ಹೇಳಿರಲಿಲ್ಲ.

1977ರಲ್ಲಿ ಒಂದು ಬ್ಯಾಚಿನ ಪತ್ರಗಳನ್ನು ಕಳಿಸುತ್ತಿದ್ದೆವು. ಒಬ್ಬ ಹುಡುಗನ ಊರು ಅಜ್ಜಂಪುರ ಹೋಬಳಿಯದು. ಆಗ ಅಜ್ಜಂಪುರ ತಾಲ್ಲೂಕಾಗಿರಲಿಲ್ಲ, ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅದೇ ಹೆಸರಿನ ಇನ್ನೊಂದು ಹಳ್ಳಿ ಕಡೂರು ತಾಲ್ಲೂಕಿನಲ್ಲಿದೆ. ನಮ್ಮ ಕಡೆ ಹೊಸಹಳ್ಳಿ, ಗೊಲ್ಲರಹಟ್ಟಿ ಎಂದರೆ ಒಂದೆರಡಲ್ಲವಲ್ಲ, ಹಾಗೆ. ಕಡೂರಿನ ಆ ಹಳ್ಳಿಗೆ ನಮ್ಮಕ್ಕನನ್ನು ಕೊಟ್ಟಿದ್ದೆವು. ಊರ ಹೆಸರು ಟೈಪ್ ಮಾಡುತ್ತಿದ್ದ ಹಾಗೆ ಕೈ ತಾನಾಗಿ ಮುಂದೆ ‘ಕಡೂರು ತಾಲ್ಲೂಕು’ ಎಂದು ಹೊಡೆಯಿತು. ವಾರಕ್ಕೊಂದು ಸಲ ಅಕ್ಕನಿಗೆ ಕಾಗದ ಬರೆದು ಅಭ್ಯಾಸವಾದ ಕೈ. ಪಿನ್ ಕೋಡ್ ಬಂದು ಐದು ವರ್ಷವಾಗಿದ್ದರೂ ಅರ್ಜಿಯಲ್ಲಿ ಹುಡುಗ ಅದನ್ನು ಬರೆದಿರಲಿಲ್ಲ. ಆದರೆ ತಾಲ್ಲೂಕು, ಹೋಬಳಿ ಎರಡನ್ನೂ ಸ್ಪಷ್ಟವಾಗಿ ಬರೆದಿದ್ದ.

ನೀವು ಆ ರೈಲಿನಲ್ಲಿ ಹೋಗಿದ್ದರೆ ಗೊತ್ತಿರುತ್ತದೆ, ಕಡೂರು ಆದ ಮೇಲೆ ಬೀರೂರು. ಬೀರೂರಿನಲ್ಲಿ ಹಳಿ ಎರಡಾಗಿ ಒಡೆಯುತ್ತದೆ: ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಅಜ್ಜಂಪುರದ ಕಡೆ ತಿರುಗಬೇಕಿದ್ದ ಆ ಲಕೋಟೆ ಕಡೂರಿಗೆ ಹೋಯಿತು. ನಮ್ಮಕ್ಕನ ಊರಿನಲ್ಲಿ ಅಂಚೆಯವನು ವಿಚಾರಿಸಿ, ಈ ಹೆಸರಿನವರು ಇಲ್ಲ ಎಂದು ಬರೆದು ವಾಪಸ್ಸು ಕಳಿಸಿದ. ಅದು ನನ್ನ ಮೇಜಿಗೆ ಬಂದಾಗ ಇಂಟರ್‌ವ್ಯೂ ಮುಗಿದು ಒಂಬತ್ತು ದಿನ.

ಅರ್ಜಿ ತೆಗೆದು ತಾಳೆ ನೋಡಿದೆ. ತಪ್ಪು ಯಾರದೆಂದು ಒಂದು ನಿಮಿಷದಲ್ಲಿ ತಿಳಿಯಿತು. ಎದ್ದು ಹೋಗಿ ಅಧಿಕಾರಿಗೆ ಹೇಳಬಹುದಿತ್ತು. ಮುಂದಿನ ವಾರ ಬೆಂಗಳೂರಿನಲ್ಲಿ ಇನ್ನೊಂದು ಬ್ಯಾಚಿನ ಇಂಟರ್‌ವ್ಯೂ ಇತ್ತು, ಒಂದು ತಂತಿ ಕೊಟ್ಟಿದ್ದರೆ ಹುಡುಗ ಓಡಿ ಬರುತ್ತಿದ್ದ. ಅರ್ಜಿಯಲ್ಲಿ ಅವನ ಕಾಲೇಜಿನ ಪ್ರಿನ್ಸಿಪಾಲರ ವಿಳಾಸವೂ ಇತ್ತು. ನಾನು ಏನು ಮಾಡಿದೆ ಎಂದರೆ, ಲಕೋಟೆಯನ್ನು ‘ವಾಪಸ್ಸು ಬಂದ ಪತ್ರಗಳು’ ಎಂಬ ಕಡತಕ್ಕೆ ಪೋಣಿಸಿ ದಾರ ಕಟ್ಟಿದೆ. ಬೈಸಿಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ ಬಿಟ್ಟರೆ ಬೇರೆ ಕಾರಣವಿರಲಿಲ್ಲ.

ಹನ್ನೊಂದು ವರ್ಷ ಕಳೆಯಿತು. 1988ರಲ್ಲಿ ನಾನು ಅಜ್ಜಂಪುರದ ಕಡೆಯ ಒಂದು ಶಾಖೆಯಲ್ಲಿದ್ದೆ. ಈರುಳ್ಳಿ ಬೆಳೆ ಸಾಲಕ್ಕೆ ಒಬ್ಬ ರೈತ ಬಂದ. ಅರ್ಜಿಯನ್ನು ಇಂಗ್ಲಿಷಿನಲ್ಲಿ ದುಂಡಗೆ ತಾನೇ ತುಂಬಿದ್ದ. ಹೆಸರು, ತಂದೆಯ ಹೆಸರು, ಊರು ಓದಿದೆ. ನನಗೆ ಬೆನ್ನಲ್ಲಿ ಬೆವರು ಬಂತು.

“ಓದಿದ್ದೀರಾ?” ಎಂದೆ.

“ಬಿ.ಕಾಂ. ಸ್ವಾಮಿ. ಒಂದ್ಸಲ ನಿಮ್ಮ ಬ್ಯಾಂಕಿನ ಪರೀಕ್ಷೇನೂ ಬರೆದಿದ್ದೆ. ಫೇಲಾಗಿರಬೇಕು, ಏನೂ ಬರಲಿಲ್ಲ. ಎರಡು ತಿಂಗಳು ದಿನಾ ಪೋಸ್ಟ್ ಆಫೀಸಿಗೆ ಹೋಗಿದ್ದೆ. ಲೆಕ್ಕದಲ್ಲಿ ಚುರುಕು ಅಂತ ಮೇಷ್ಟ್ರು ಹೇಳ್ತಿದ್ರು, ಸುಮ್ನೆ ಹೇಳ್ತಿದ್ರೇನೋ ಅನ್ನಿಸ್ತು. ಅಲ್ಲ ಸ್ವಾಮಿ, ಆಗಲಿಲ್ಲ ಅಂತಾದ್ರೂ ಒಂದು ಕಾರ್ಡ್ ಹಾಕಬಾರ್ದಾ? ನಮ್ಮಪ್ಪ ಆ ವರ್ಷ ಹೊಲ ಗುತ್ತಿಗೆಗೆ ಕೊಡೋದೋ ಬೇಡ್ವೋ ಅಂತ ಕಾಯ್ತಾ ಇದ್ರು.”

ನಾನು ಸಾಲದ ಕಾಗದಗಳಿಗೆ ಸೀಲು ಹೊಡೆದೆ. ಬೇಗ ಮಂಜೂರಾಗುವಂತೆ ಓಡಾಡಿದೆ. ಮುಖ್ಯ ಮಾತು ಹೇಳಲಿಲ್ಲ.

ಹೇಳಿದ್ದು 2013ರಲ್ಲಿ, ನಿವೃತ್ತನಾಗಿ ಎರಡು ವರ್ಷದ ಮೇಲೆ. ಆ ಹೊತ್ತಿಗೆ ಬ್ಯಾಂಕುಗಳ ಆಯ್ಕೆ ಪದ್ಧತಿಯೇ ಬದಲಾಗಿತ್ತು. 1970ರ ದಶಕದ ಕೊನೆಗೆ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳು ಬಂದು ಬ್ಯಾಂಕುಗಳ ಕೈಯಿಂದ ಈ ಕೆಲಸ ತೆಗೆದುಕೊಂಡವು. 2001ರಲ್ಲಿ ಅವೂ ಮುಚ್ಚಿದವು. 2011ರಿಂದ ಮುಂಬಯಿಯ ಐ.ಬಿ.ಪಿ.ಎಸ್. ಸಂಸ್ಥೆ ಎಲ್ಲ ಸರ್ಕಾರಿ ಬ್ಯಾಂಕುಗಳಿಗೂ (ಸ್ಟೇಟ್ ಬ್ಯಾಂಕ್ ಬಿಟ್ಟು) ಒಂದೇ ಸಾಮಾನ್ಯ ಪರೀಕ್ಷೆ ನಡೆಸತೊಡಗಿತು. ಇಂಟರ್‌ವ್ಯೂ ಪತ್ರವನ್ನು ನಾವೇ ಕಂಪ್ಯೂಟರಿನಿಂದ ಇಳಿಸಿಕೊಳ್ಳಬೇಕು. ಲಕೋಟೆಯೂ ಇಲ್ಲ, ಅಂಚೆಯವನೂ ಇಲ್ಲ, ನನ್ನಂಥ ಟೈಪಿಸ್ಟೂ ಇಲ್ಲ. ಅದೇ ರೈತ, ಈಗ ತಲೆ ನೆರೆತವರು, ಮಗಳ ಅರ್ಜಿ ಹಿಡಿದು ಕಡೂರಿಗೆ ನಮ್ಮ ಮನೆಗೆ ಬಂದರು. ಹೇಗೆ ತುಂಬಬೇಕು ನೋಡಿ ಹೇಳಿ ಎಂದರು. ಆ ದಿನ ಹೇಳಿಬಿಟ್ಟೆ: “ನೀವು ಫೇಲಾಗಿರಲಿಲ್ಲ. ಪಾಸಾಗಿದ್ರಿ.” ಉಳಿದದ್ದನ್ನೂ ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ತಣ್ಣಗಾಯಿತು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಕೊನೆಗೆ ಕೇಳಿದ್ದು ಒಂದೇ ಮಾತು:

“ಲೆಕ್ಕದಲ್ಲಿ ಎಷ್ಟು ಬಂದಿತ್ತು?”

ನನಗೆ ನೆನಪಿರಲಿಲ್ಲ. ಆ ಕಡತಗಳನ್ನು ಅವಧಿ ಮುಗಿದ ಮೇಲೆ ನಿಯಮದ ಪ್ರಕಾರ ಸುಟ್ಟಿದ್ದಾರೆ. ಇಲ್ಲ ಎಂದು ತಲೆಯಾಡಿಸಿದೆ. ಅವರು ಮಗಳ ಅರ್ಜಿಯನ್ನು ನನ್ನ ಕಡೆ ಸರಿಸಿ, “ಇದನ್ನ ಸರಿಯಾಗಿ ತುಂಬಿಸಿ” ಎಂದರು.

ನೋಡಿದರೆ ಅದರಲ್ಲೂ ಒಂದು ತಪ್ಪು ವಿಳಾಸ! ಊರಿನ ಸೈಬರ್ ಸೆಂಟರಿನಲ್ಲಿ ಮೊದಲೇ ಒಂದು ಅರ್ಜಿ ಹಾಕಿಸಿದ್ದರಂತೆ. ಮೊಬೈಲ್ ನಂಬರಿನ ಜಾಗದಲ್ಲಿ ಅಂಗಡಿಯವನದೇ ನಂಬರು, ಇ-ಮೇಲ್ ಕೂಡ ಅವನದೇ. ದಿನಕ್ಕೆ ಐವತ್ತು ಜನರಿಗೆ ಬರುವ ಸಂದೇಶವೆಲ್ಲ ಅವನ ಫೋನಿಗೆ. ಅವನು ಯಾರಿಗೆ ಯಾವುದನ್ನು ತಿಳಿಸಿಯಾನು? ಇದನ್ನು ಓದುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮೊಮ್ಮಕ್ಕಳ ಅರ್ಜಿ ಹೊರಗೆ ತುಂಬಿಸುವಾಗ ಪಕ್ಕದಲ್ಲಿ ನಿಂತು ನಂಬರು ನಿಮ್ಮ ಮನೆಯದೇ ಎಂದು ಓದಿ ನೋಡಿ. ಪಾಸ್‌ವರ್ಡನ್ನು ಪಂಚಾಂಗದ ಹಿಂದಿನ ಪುಟದಲ್ಲಾದರೂ ಬರೆದಿಡಿ.

ಆ ಹುಡುಗಿಗೆ ಆ ವರ್ಷ ಆಗಲಿಲ್ಲ, ಮರುವರ್ಷ ಆಯಿತು. ಈಗ ಬೇರೆ ಜಿಲ್ಲೆಯಲ್ಲಿದ್ದಾಳೆ. ಅವಳ ಕಾಲಕ್ಕೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಬ್ಯಾಂಕ್ ಗುಮಾಸ್ತರ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ ಹೇಳಿದ್ದು 2021ರಲ್ಲಿ. ಅಜ್ಜಿಗೆ ಪಾಸ್‌ಬುಕ್ಕು ಓದಿ ಹೇಳಬೇಕಾದವರನ್ನು ಅಜ್ಜಿಯ ಭಾಷೆಯಲ್ಲಿ ಪರೀಕ್ಷಿಸಲು ಇಷ್ಟು ವರ್ಷ ಬೇಕಾಯಿತು.

ಇಷ್ಟನ್ನೂ ಮೊಮ್ಮಗನಿಗೆ ಹೇಳುವ ಹೊತ್ತಿಗೆ ಅವನ ಹೋಂವರ್ಕ್ ಮರೆತೇಹೋಗಿತ್ತು. ಸಂಜೆ ಸೊಸೆ ಲ್ಯಾಪ್‌ಟಾಪ್ ಮುಚ್ಚಿ ಬಂದ ಮೇಲೆ ಇಬ್ಬರೂ ಅವಳನ್ನೇ ಕೂರಿಸಿಕೊಂಡೆವು. ನೀನು ಮಾಡುವುದೇನು, ಮೊದಲಿಂದ ಹೇಳು ಎಂದೆವು.

ಅವಳು ಹೇಳಿದಳು. ಕಂಪನಿಯ ಯಾವುದೋ ತಂಡಕ್ಕೆ ಒಬ್ಬ ಬೇಕು. ಮೊದಲು ಆ ತಂಡದವರ ಜೊತೆ ಕೂತು, ನಿಜವಾಗಿ ಏನು ಬಲ್ಲವನು ಬೇಕು ಎಂದು ಬಿಡಿಸಿ ಕೇಳಬೇಕು. ಅವರು ಅರ್ಜುನನಂಥವನೂ ಭೀಮನಂಥವನೂ ಒಬ್ಬನೇ ಆಗಿರಬೇಕು, ಸಂಬಳ ಉತ್ತರಕುಮಾರನದು ಎನ್ನುತ್ತಾರಂತೆ! ಆಮೇಲೆ ಜಾಹೀರಾತು. ಒಂದು ಹುದ್ದೆಗೆ ನೂರಾರು ಅರ್ಜಿ. ಅದನ್ನು ಸೋಸುವುದಕ್ಕೆ ಈಗ ಕಂಪ್ಯೂಟರ್ ಇದೆ. ಅದು ಅರ್ಜಿಯಲ್ಲಿ ತನಗೆ ಬೇಕಾದ ಪದ ಹುಡುಕುತ್ತದೆ, ಸಿಗದಿದ್ದರೆ ಬದಿಗಿಡುತ್ತದೆ. “ಹಾಗೆ ಬದಿಗಿಟ್ಟದ್ದನ್ನೂ ನಾನು ಒಂದಿಷ್ಟು ತೆಗೆದು ನೋಡ್ತೀನಿ ಮಾವ. ಹಳ್ಳಿ ಕಡೆಯ ಹುಡುಗರಿಗೆ ಕೆಲಸ ಗೊತ್ತಿರುತ್ತೆ, ಆ ಪದ ಗೊತ್ತಿರಲ್ಲ” ಎಂದಳು. ಆರಿಸಿದವರ ಜೊತೆ ಫೋನಿನಲ್ಲಿ ಮಾತು. ಮೊಮ್ಮಗ ಬರೆದ ‘ಒಂದೇ ಪ್ರಶ್ನೆ’ ಇದೇ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರೆ ತಾನೇ ಹೋಲಿಸಿ ನೋಡಲು ಸಾಧ್ಯ? ಆಮೇಲೆ ಇಂಟರ್‌ವ್ಯೂ, ನೇಮಕಾತಿ ಪತ್ರ. ಸೇರಿದ ದಿನ ಕೂರಲು ಕುರ್ಚಿ, ಊಟ ಮಾಡಲು ಜೊತೆ ಇದೆಯೇ ಎಂದು ನೋಡುವುದೂ ಅವಳ ಕೆಲಸವಂತೆ.

ಎಚ್.ಆರ್. ಎಂದರೆ ಸೇರಿಸಿಕೊಳ್ಳುವುದೊಂದೇ ಅಲ್ಲ. ಕೆಲವರು ಸಂಬಳದ ಲೆಕ್ಕ ನೋಡುತ್ತಾರೆ. ಭವಿಷ್ಯ ನಿಧಿಗೆ ನೌಕರನಿಂದ ಸಾಮಾನ್ಯವಾಗಿ ಶೇ. 12, ಮಾಲೀಕನಿಂದ ಅಷ್ಟೇ. ಅದು ಅವನ 12 ಅಂಕಿಯ ಯು.ಎ.ಎನ್. ನಂಬರಿಗೆ ಸೇರಬೇಕು. ಇಂಥ ಕೆಲಸಕ್ಕೆ ಬಿ.ಕಾಂ. ಓದಿದವರು ಬಹಳ ಸೊಗಸಾಗಿ ಹೊಂದುತ್ತಾರೆ ಎಂದು ಅಭಿಮಾನದಿಂದಲೇ ಹೇಳುತ್ತೇನೆ. ಕೆಲವರು ತರಬೇತಿ ಕೊಡುತ್ತಾರೆ, ಕೆಲವರು ಕಾರ್ಮಿಕ ಕಾಯಿದೆ ನೋಡುತ್ತಾರೆ. ಇಂಥ 29 ಕೇಂದ್ರ ಕಾಯಿದೆಗಳನ್ನು ಈಗ 4 ಸಂಹಿತೆಗಳಾಗಿ ಮಾಡಿದ್ದಾರೆ, ಹೊಸದಾಗಿ ಓದುವವರಿಗೆ ಇದೊಂದು ಅನುಕೂಲ. ಈ ಕಡೆ ಬರಲು ಎರಡು ದಾರಿ. ಪದವಿಯ ಮೇಲೆ ಎಂ.ಬಿ.ಎ. ಮಾಡಿ ಬರುವವರು ಒಂದು, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಓದಿ ಬರುವವರು ಇನ್ನೊಂದು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ನಮ್ಮ ಸೀಮೆಯ ಮಕ್ಕಳಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ತರೀಕೆರೆಯಿಂದ ಬಹಳ ದೂರವೇನಲ್ಲ. ಯಾವ ದಾರಿ ಹಿಡಿದರೂ ಜನ ಹೇಳುವುದನ್ನು ಕೊನೆವರೆಗೆ ಕೇಳುವ ತಾಳ್ಮೆ ಬೇಕು. ನಾಚಿಕೆ ಸ್ವಭಾವದ ಮಕ್ಕಳಿಗೆ ಇದು ಆಗದು ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ನನ್ನ ಸೊಸೆ ಮದುವೆಯ ದಿನ ಮೂರು ಮಾತಾಡಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಹಿಂದೆ ಮೇಸ್ತ್ರಿ ದುಡ್ಡು ಕೊಟ್ಟು ಕರೆದೊಯ್ಯುತ್ತಿದ್ದ. ಈಗಿನ ಮೋಸಗಾರರು ದುಡ್ಡು ಕೇಳಿ ಕರೆಯುತ್ತಾರೆ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಹೋದ ವರ್ಷ ದೊಡ್ಡ ಕಂಪನಿಯ ಹೆಸರಿನಲ್ಲಿ ನೇಮಕಾತಿ ಪತ್ರ ಬಂತು. ಲಾಂಛನ, ಸೀಲು, ಸಹಿ ಎಲ್ಲವೂ ಇತ್ತು. ಲ್ಯಾಪ್‌ಟಾಪಿನ ಠೇವಣಿ ಎಂದು ಹನ್ನೆರಡು ಸಾವಿರ ಕಟ್ಟಿಸಿಕೊಂಡರು. ಆಮೇಲೆ ಫೋನ್ ಬಂದ್. ಅವನ ಅಜ್ಜಿ ಕಿವಿಯ ಓಲೆ ಅಡವಿಟ್ಟು ಕೊಟ್ಟ ಹಣ ಅದು. ಸರ್ಕಾರಿ ಪರೀಕ್ಷೆಗಳಿಗೆ ಅಧಿಕೃತ ಜಾಲತಾಣದಲ್ಲಿ ಅರ್ಜಿ ಶುಲ್ಕ ಕಟ್ಟುವುದು ಬೇರೆ ಮಾತು. ಕೆಲಸ ಕೊಡುತ್ತೇವೆ, ಮೊದಲು ಹಣ ಹಾಕಿ ಎಂದು ಕಂಪನಿಯ ಹೆಸರಿನಲ್ಲಿ ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಮಾಡುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಆ ಹುಡುಗ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ.

ಸೊಸೆಯನ್ನು ಕೊನೆಗೊಂದು ಪ್ರಶ್ನೆ ಕೇಳಿದೆ. “ಆಗದವರಿಗೆ ಏನು ಮಾಡ್ತೀಯಮ್ಮ?”

“ಕಂಪ್ಯೂಟರೇ ಒಂದು ಮೇಲ್ ಕಳಿಸುತ್ತೆ ಮಾವ. ಆದರೆ ಇಂಟರ್‌ವ್ಯೂವರೆಗೆ ಬಂದವರಿಗೆ ಶುಕ್ರವಾರ ಸಂಜೆ ನಾನೇ ಫೋನ್ ಮಾಡ್ತೀನಿ. ಕೆಲವರು ಅಳ್ತಾರೆ. ಒಬ್ಬ ಹುಡುಗ, ಮೇಡಂ ಇದುವರೆಗೆ ಹನ್ನೊಂದು ಕಡೆ ಆಗಿಲ್ಲ, ಫೋನ್ ಮಾಡಿ ಹೇಳಿದ್ದು ನೀವೊಬ್ರೇ ಅಂದ.”

ಶುಕ್ರವಾರ ಸಂಜೆ ಅವಳು ಯಾಕೆ ಅಷ್ಟು ಸುಸ್ತಾಗಿ ಹೊರಗೆ ಬರುತ್ತಾಳೆ, ಮಕ್ಕಳ ಮೇಲೆ ಯಾಕೆ ಸಿಡುಕುತ್ತಾಳೆ ಎಂದು ನಾನೂ ನನ್ನ ಹೆಂಡತಿಯೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಅಂದು ನಾನೇ ಎದ್ದು ಅವಳಿಗೆ ಕಾಫಿ ಮಾಡಿದೆ. ಸಕ್ಕರೆ ಹೆಚ್ಚಾಯಿತು ಎಂದಳು.

ಮೊಮ್ಮಗ ಹತ್ತು ವಾಕ್ಯ ಪೂರ್ತಿ ಮಾಡಿದ. ಮೇಸ್ತ್ರಿಯ ವಿಷಯವೂ ಬೇಕು, ಹೋರಿಕರುವಿನ ವಿಷಯವೂ ಬೇಕು ಎಂದು ಹಠ ಮಾಡಿ ಹನ್ನೆರಡಾಯಿತು. ‘ಶ್...’ ಎನ್ನುವ ವಾಕ್ಯ ತೆಗೆದುಬಿಡು ಎಂದೆ, ಕೇಳಲಿಲ್ಲ. ಟೀಚರು ಅದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ನಮ್ಮ ಮನೆಯಲ್ಲೂ ಹೀಗೇ’ ಎಂದು ಬರೆದು ಕಳಿಸಿದ್ದಾರೆ.